ರಾಜನ ಮೈಗೆ ಒಗ್ಗದ ಅತ್ತರು

ಏಳು ಹಳ್ಳ ದಾಟಿದ ಮೇಲೆ ಒಂದು ಊರಿತ್ತಂತೆ. ಊರಿನ ಹೆಸರು ಹೇಳಿದರೆ ಅಲ್ಲಿಯವರಿಗೆ ಬೇಜಾರು, ಹೇಳದಿದ್ದರೆ ನಿಮಗೆ ಬೇಜಾರು. ನೀವು ಇಲ್ಲೇ ಎದುರಿಗೆ ಕೂತಿದ್ದೀರಿ, ಹೇಗೋ ಸಮಾಧಾನ ಮಾಡಬಹುದು. ಹಾಗಾಗಿ ಹೇಳುವುದಿಲ್ಲ.

ಆ ಊರಿಗೊಬ್ಬ ರಾಜ. ರಾಜನಿಗೆ ಹನ್ನೆರಡು ಬಿರುದು, ಅದರಲ್ಲಿ ಮೊದಲನೆಯದೇ ‘ಅಂಜಿಕೆ ಅರಿಯದವ’. ಈ ಅಂಜಿಕೆ ಅರಿಯದವನು ಊಟಕ್ಕೆ ಕೂತರೆ ಮೊದಲು ಅಡುಗೆಯವನು ಒಂದು ತುತ್ತು ತಿನ್ನಬೇಕು. ಆಮೇಲೆ ಅಡುಗೆಯವನ ಮೇಲೆ ಕಣ್ಣಿಡುವವನು ಒಂದು ತುತ್ತು ತಿನ್ನಬೇಕು. ಆಮೇಲೆ ಇಬ್ಬರನ್ನೂ ಅರ್ಧ ತಾಸು ಎದುರಿಗೆ ಕೂರಿಸಿಕೊಂಡು, ಬಿದ್ದರೋ ಇಲ್ಲವೋ ಎಂದು ನೋಡಬೇಕು. ಅಷ್ಟರಲ್ಲಿ ಅನ್ನ ಆರಿರುತ್ತಿತ್ತು. ಪಟ್ಟಕ್ಕೆ ಬಂದ ಮೇಲೆ ಆತ ಒಂದು ದಿನವೂ ಬಿಸಿ ಅನ್ನ ಉಂಡಿರಲಿಲ್ಲವಂತೆ.

ಅದೇ ಊರಿನಲ್ಲಿ ಮಾಬೂಸಾಬ ಎಂಬ ಅತ್ತರು ಮಾಡುವವನಿದ್ದ. ತಾಮ್ರದ ಹಂಡೆಗೆ ನೀರು, ನೀರಿಗೆ ಕೇದಗೆ ಹೂ, ಹಂಡೆಯ ಬಾಯಿಗೆ ಮಣ್ಣಿನ ಮೆತ್ತಿಗೆ. ಅಲ್ಲಿಂದ ಒಂದು ಬಿದಿರಿನ ಕೊಳವೆ ಇನ್ನೊಂದು ಪಾತ್ರೆಗೆ ಇಳಿಯುತ್ತಿತ್ತು. ಆ ಪಾತ್ರೆಯಲ್ಲಿ ಗಂಧದೆಣ್ಣೆ. ಕೆಳಗೆ ಬೆಂಕಿ ಹಾಕಿದರೆ ಹೂವಿನ ಉಸಿರು ಕೊಳವೆ ಹಿಡಿದು ಬಂದು ಎಣ್ಣೆಯಲ್ಲಿ ಇಳಿದು ಕೂರುತ್ತಿತ್ತು. ಅವನ ಅಪ್ಪನಿಂದ ಅವನಿಗೆ ಬಂದದ್ದು ಆ ಹಂಡೆ ಮತ್ತು ಒಂದು ಮಾತು: “ಮೊದಲ ತಾಸು ಹೂವಿನದು, ಎರಡನೇ ತಾಸು ಗಂಧದ್ದು, ಮೂರನೇ ತಾಸು ಹಚ್ಚಿಕೊಂಡವನ ಮೈಯದು.” ಶೀಶೆಯ ಮುಚ್ಚಳ ತೆಗೆದು ಮೂಸಿದವನಿಗೆ ಬರೀ ಮೊದಲ ತಾಸು ಗೊತ್ತಾಗುತ್ತದೆ. ಆದ್ದರಿಂದಲೇ ಅತ್ತರಿನ ವ್ಯಾಪಾರ ನಡೆಯುತ್ತದೆ.

ಹಂಡೆಯ ಮುಂದೆ ಕೂತು ಕೂತು ಮಧ್ಯಾಹ್ನದ ಹೊತ್ತಿಗೆ ಮಾಬೂಸಾಬನ ಮೂಗು ದಣಿಯುತ್ತಿತ್ತು. ಆಗ ಹೊಸ ಎಣ್ಣೆಯನ್ನು ಮಣಿಕಟ್ಟಿಗೆ ಹಚ್ಚಿಕೊಂಡು, ಮೂರು ತಾಸು ಕಳೆದ ಮೇಲೆ ಹೆಂಡತಿ ಬೀಬಿಜಾನಳ ಮುಂದೆ ಕೈ ಚಾಚುತ್ತಿದ್ದ. ಅವಳು ಮೂಸಿ “ಆತು” ಅಂದರೆ ಆಯಿತು, “ಊಹೂಂ” ಅಂದರೆ ಮತ್ತೆ ಬೆಂಕಿ. ಮೂವತ್ತು ವರ್ಷದಿಂದ ಹೀಗೇ.

ಇನ್ನು ಅರಮನೆಯ ಪದ್ಧತಿ ಕೇಳಿ. ರಾಜ ಪಲ್ಲಕ್ಕಿ ಏರುವಾಗ ಒಂದೇ ಶೀಶೆಯ ಅತ್ತರಿನಲ್ಲಿ ಎರಡು ಹತ್ತಿ ಅದ್ದುತ್ತಿದ್ದರು. ಒಂದು ರಾಜನ ಕಿವಿಗೆ. ಇನ್ನೊಂದು ಪಲ್ಲಕ್ಕಿಯನ್ನು ಮುಂದೆ ಹೊರುವ ದುರುಗಪ್ಪನ ಕಿವಿಗೆ. ಮುಂದಿನ ಬೋಯಿಯ ಕಿವಿಯಲ್ಲಿ ಅತ್ತರಿದ್ದರೆ ಗಾಳಿಗೆ ಪರಿಮಳ ಹಿಂದೆ ಬಂದು ರಾಜನಿಗೆ ತಟ್ಟುತ್ತದೆ ಎಂದು ಯಾರೋ ಮುತ್ತಾತ ಮಾಡಿದ ಏರ್ಪಾಟು. ಹನ್ನೆರಡು ವರ್ಷ ರಾಜ ಆ ಪರಿಮಳ ಹೀರುತ್ತ, ‘ನಾನು ಎಷ್ಟು ಘಮಘಮ ಅನ್ನುತ್ತೇನೆ’ ಎಂದುಕೊಂಡು ಊರು ಸುತ್ತಿದ್ದನಂತೆ.

ಒಂದು ದಿನ ಹಳ್ಳದ ಬಳಿ ರಾಜ ಕೆಳಗಿಳಿದ. ದುರುಗಪ್ಪ ಉಳಿದ ಬೋಯಿಗಳೊಡನೆ ಬರಿದಾದ ಪಲ್ಲಕ್ಕಿಯನ್ನು ನೆರಳಿಗಿಡಲು ಮುಂದೆ ನಡೆದ. ಪರಿಮಳ ಮುಂದೆ ಹೋಯಿತು, ರಾಜ ಹಿಂದೆ ಉಳಿದ.

ರಾಜ ತನ್ನ ಹೆಗಲು ಮೂಸಿಕೊಂಡ. ಕೈ ಮೂಸಿಕೊಂಡ. ಕಿವಿಯ ಹತ್ತಿ ತೆಗೆದು ಮೂಸಿದ. ಹುಣಸೆ ಹುಳಿಯನ್ನು ತಾಮ್ರದ ತಂಬಿಗೆಯಲ್ಲಿ ಮರೆತು ಎರಡು ದಿನ ಬಿಟ್ಟರೆ ಹೇಗೋ ಹಾಗಿತ್ತು. ಪಕ್ಕದಲ್ಲಿದ್ದ ಮಂತ್ರಿಯನ್ನು ಕೇಳಿದ. ಮಂತ್ರಿ ಮೂಸಿ, “ಪಾರಿಜಾತ, ದೊರೆಗಳೇ” ಅಂದ. ಮಂತ್ರಿಗೆ ಮನೆಯಲ್ಲಿ ನಾಲ್ಕು ಮಕ್ಕಳಿದ್ದರು.

ಮಾಬೂಸಾಬನನ್ನು ಕರೆಸಿದರು.

“ಬೋಯಿಗೆ ಒಳ್ಳೆಯದು, ನನಗೆ ಕೆಟ್ಟದ್ದು. ಯಾರು ಹೇಳಿಕೊಟ್ಟರು ನಿನಗೆ?” ರಾಜ ಕೇಳಿದ.

“ದೊರೆಗಳೇ, ಎರಡೂ ಒಂದೇ ಶೀಶೆಯದು.”

“ಒಂದೇ ಶೀಶೆಯದಾದರೆ ಒಂದೇ ವಾಸನೆ ಇರಬೇಕು. ಒಂಬತ್ತು ದಿನ ಕೊಟ್ಟಿದ್ದೇನೆ. ಒಂಬತ್ತನೇ ದಿನ, ಹಚ್ಚಿದ ಮೂರನೇ ತಾಸಿಗೆ, ನನ್ನ ಕೈಯೂ ಅವನ ಕೈಯೂ ಒಂದೇ ಪರಿಮಳ ಬೀರಬೇಕು. ಇಲ್ಲವಾದರೆ ನಿನ್ನ ಮೂಗು ನಿನ್ನ ಮುಖದ ಮೇಲಿರುವುದಿಲ್ಲ.”

ಅತ್ತರಿನವನಿಗೆ ಮೂಗು ಹೋದರೆ ಉಳಿಯುವುದು ಹಂಡೆಯೊಂದೇ. ಅದರಲ್ಲಿ ಸ್ನಾನಕ್ಕೆ ನೀರು ಕಾಯಿಸಬಹುದು.

ಮೂರು ದಿನ ಮಾಬೂಸಾಬ ಹೊಸ ಕೇದಗೆ ತಂದು ಬೇಯಿಸಿದ. ಮೂರನೇ ದಿನ ಅರಮನೆಯಲ್ಲಿ ರಾಜನ ಕೈಗೂ ದುರುಗಪ್ಪನ ಕೈಗೂ ಹಚ್ಚಿದ. ಮೊದಲ ತಾಸು ಇಬ್ಬರಲ್ಲೂ ಹೂವು. ಎರಡನೇ ತಾಸು ಇಬ್ಬರಲ್ಲೂ ಗಂಧ. ಮೂರನೇ ತಾಸಿಗೆ ದುರುಗಪ್ಪನ ಕೈಯಲ್ಲಿ ಬೆಲ್ಲದ ಪಾಕದಂಥ ಬೆಚ್ಚನೆಯ ಪರಿಮಳ, ರಾಜನ ಕೈಯಲ್ಲಿ ಹುಳಿ.

“ಇನ್ನು ಆರು ದಿನ,” ಅಂದ ರಾಜ.

ಮತ್ತೆ ಮೂರು ದಿನ ಕೇದಗೆ ಬಿಟ್ಟು ಸಂಪಿಗೆ ಬೇಯಿಸಿದ, ಗಂಧದೆಣ್ಣೆ ಹಳೆಯದನ್ನು ತಂದ, ಲಾವಂಚದ ಬೇರು ಕೂಡಿಸಿದ. ಮೊದಲ ತಾಸು ಹೂವು. ಎರಡನೇ ತಾಸು ಗಂಧ. ಮೂರನೇ ತಾಸಿಗೆ ದುರುಗಪ್ಪನ ಕೈಯಲ್ಲಿ ಬೆಲ್ಲ, ರಾಜನ ಕೈಯಲ್ಲಿ ಹುಳಿ.

“ಇನ್ನು ಮೂರು ದಿನ,” ಅಂದ ರಾಜ. ಈ ಸಲ ಮೂಗು ಕೊಯ್ಯುವವನೂ ಬಂದು ಕಂಬದ ಪಕ್ಕ ನಿಂತಿದ್ದ. ಸಭ್ಯ ಮನುಷ್ಯ. ಮಾಬೂಸಾಬನ ಮೂಗನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ನೋಡಿ, ನಮಸ್ಕಾರ ಮಾಡಿದನಂತೆ.

ಅಪ್ಪನ ಮಾತು ಮಾಬೂಸಾಬನಿಗೆ ನೆನಪಿರಲಿಲ್ಲವೆಂದಲ್ಲ. ಮೂರನೇ ತಾಸು ಮೈಯದು ಎಂದು ಮೊದಲ ದಿನವೇ ಗೊತ್ತಿತ್ತು. ಆದರೆ ‘ದೊರೆಗಳೇ, ಎಣ್ಣೆ ಸರಿಯಿದೆ, ಮೈ ಸರಿಯಿಲ್ಲ’ ಎಂದು ಹೇಳಿದವನ ಮೂಗನ್ನು ಬಿಡುವ ರಾಜ ಇನ್ನೂ ಯಾವ ಕಥೆಯಲ್ಲೂ ಹುಟ್ಟಿಲ್ಲ.

ಏಳನೇ ದಿನ ಅವನಿಗೆ ಅನ್ನ ಸೇರಲಿಲ್ಲ. ಎಂಟನೇ ದಿನ ಕೊನೆಯ ಎಣ್ಣೆ ಇಳಿಸಿ, ಮಣಿಕಟ್ಟಿಗೆ ಹಚ್ಚಿಕೊಂಡು, ಮೂರು ತಾಸು ಗೋಡೆ ನೋಡುತ್ತ ಕೂತು, ಬೀಬಿಜಾನಳ ಮುಂದೆ ಕೈ ಚಾಚಿದ. ಅವಳು ಮೂಸಿದಳು. ‘ಆತು’ ಅನ್ನಲಿಲ್ಲ, ‘ಊಹೂಂ’ ಅನ್ನಲಿಲ್ಲ. ಇನ್ನೊಮ್ಮೆ ಮೂಸಿದಳು.

“ಏನ್ರೀ, ತಾಮ್ರದ ತಂಬಿಗ್ಯಾಗ ಹುಣಸಿಹುಳಿ ಅಂತ ಹೇಳಿದ್ರಲ್ಲ, ರಾಜರ ವಾಸನಿ?”

“ಹೌದು.”

“ಅದು ನಿಮ್ಮ ಕೈಯಾಗೈತಿ.”

ಮಾಬೂಸಾಬ ತಾನೇ ಮೂಸಿ ನೋಡಿದ. ದಣಿದ ಮೂಗಿಗೂ ಗೊತ್ತಾಯಿತು.

“ಎಣ್ಣಿ ಕೆಟ್ಟೈತೇನೋ,” ಅಂದ.

ಬೀಬಿಜಾನ ಅವನ ಜೊತೆಗೇ ಅದೇ ಶೀಶೆಯಿಂದ ತನ್ನ ಕೈಗೂ ಹಚ್ಚಿಕೊಂಡಿದ್ದಳು. ತನ್ನ ಕೈ ಅವನ ಮೂಗಿಗೆ ಹಿಡಿದಳು. ಸಂಪಿಗೆ ಇತ್ತು, ಗಂಧ ಇತ್ತು, ಅದರ ಕೆಳಗೆ ಬೀಬಿಜಾನ ಇದ್ದಳು.

“ಮೂವತ್ತು ವರ್ಷ ನಿಮ್ಮ ಕೈ ಮೂಸೀನಿ. ಹಿಂಗ ಎಂದೂ ಇರಲಿಲ್ಲ. ಎಂಟು ದಿನದಾಗ ಏನ ಬದಲಾಗೈತಿ ಹೇಳ್ರಿ? ಹೂ ಬದಲಾತು ಖರೆ, ಆದರ ನನ್ನ ಕೈಯಾಗ ಸರಿ ಐತಿ. ಹಂಡೆ ಅದೇ, ನೀವೂ ನೀವೇ.”

“ನನ್ನ ಮೂಗು ಹೋಗತೈತಿ ಅಂತ ಅಂಜಿಕೆ ಬಂದೈತಿ.”

“ಮತ್ತ?”

“ಮತ್ತೇನಿಲ್ಲ.”

“ಹಂಗಾರ ಅದೇ,” ಅಂದಳು ಬೀಬಿಜಾನ. “ಅಂಜಿದ ಮೈಯಾಗ ಎಣ್ಣಿ ಒಡೀತೈತಿ, ಹಾಲಿಗೆ ಹುಳಿ ಬಿದ್ದಂಗ.”

ಮಾಬೂಸಾಬ ಶೀಶೆಗೆ ಮುಚ್ಚಳ ಹಾಕಿದ. “ನಾ ರಾಜರಿಗೆ ಅಂಜತೇನಿ, ಖರೆ. ರಾಜರು ಯಾರಿಗೆ ಅಂಜತಾರ?”

“ಎಷ್ಟು ಮಂದಿನ ಅಂಜಿಸ್ಯಾರೋ ಅಷ್ಟು ಮಂದಿಗೆ. ಒಬ್ಬೊಬ್ಬರನ್ನೂ ಕಾಯಬೇಕಲ್ಲ, ಪಾಪ.”

ಒಂಬತ್ತನೇ ದಿನ ಮಾಬೂಸಾಬ ಬೆಳಿಗ್ಗೆಯೇ ಅತ್ತರು ಹಚ್ಚಿಕೊಂಡು ಮನೆ ಬಿಟ್ಟ. ಅರಮನೆಯ ಹೊರಗೆ ಮೂರು ತಾಸು ನಿಂತು, ಆಮೇಲೆ ಸಭೆಗೆ ಹೋದ. ಸಭೆ ತುಂಬಿತ್ತು. ಇನ್ನೊಬ್ಬನ ಮೂಗು ಹೋಗುವುದಿದ್ದರೆ ಸಭೆ ಯಾವಾಗಲೂ ತುಂಬಿರುತ್ತದೆ.

“ದೊರೆಗಳೇ,” ಅಂದ, “ಹೊಸ ಶೀಶೆ ತೆಗೆಯುವ ಮೊದಲು ಈ ಬಡವನ ಕೈ ಒಮ್ಮೆ ನೋಡಬೇಕು.”

ರಾಜ ಬಾಗಿ ಮೂಸಿದ. ಮುಖ ಗಂಟಾಯಿತು. “ಇದು ನನ್ನದೇ ವಾಸನೆ. ನಿನಗೆ ಹೇಗೆ ಬಂತು?”

“ತಾವು ನನ್ನ ಮೂಗು ಕೇಳಿದ ದಿನದಿಂದ ಬಂದಿದೆ. ಅದಕ್ಕಿಂತ ಮೊದಲು ಇರಲಿಲ್ಲ. ಇದೇ ಎಣ್ಣೆ ನನ್ನ ಹೆಂಡತಿಯ ಕೈಯಲ್ಲಿ ಘಮ್ಮೆನ್ನುತ್ತದೆ. ನನ್ನ ಮೈಗೆ ಅಂಜಿಕೆಯೊಂದೇ ಹೊಸದು.”

ರಾಜ ತನ್ನ ಕೈ ಮೂಸಿದ, ಮಾಬೂಸಾಬನ ಕೈ ಮೂಸಿದ, ಮತ್ತೆ ತನ್ನ ಕೈ ಮೂಸಿದ.

“ಹಾಗಾದರೆ,” ಅಂದ ಮೆಲ್ಲಗೆ, “ನನಗೆ ಏನಾಗಿದೆ?”

ಮಾಬೂಸಾಬ ನೆಲ ನೋಡಿದ. ಕೊಯ್ಯುವವನು ಚಾವಣಿ ನೋಡಿದ. ಮಂತ್ರಿ ಹೊಗಳುಭಟನನ್ನು ನೋಡಿದ, ಹೊಗಳುಭಟ ಹನ್ನೆರಡು ಬಿರುದನ್ನೂ ಜೋರಾಗಿ ಹೇಳಿ ಮುಗಿಸಿದ. ‘ಅಂಜಿಕೆ ಅರಿಯದವ’ ಎಂದು ಮೊದಲೇ ಹೇಳಿದ್ದರಿಂದ ಆ ಸಾಧ್ಯತೆ ಅಲ್ಲಿಗೆ ಮುಗಿಯಿತು.

ಆಗ ರಾಜ ದುರುಗಪ್ಪನ ಕಡೆ ತಿರುಗಿದ. “ನೀನು ನನಗೆ ಅಂಜುವುದಿಲ್ಲವೇನೋ?”

ದುರುಗಪ್ಪ ತಲೆ ಕೆರೆದುಕೊಂಡ. “ನಾ ಮುಂದಿನ ಬೋಯಿ, ದೊರಿ. ನನಗ ಹಾದಿ ಕಾಣತೈತಿ, ಕಲ್ಲು ಕಾಣತೈತಿ. ನೀವು ಹಿಂದಿರತೀರಿ, ಕಾಣಂಗಿಲ್ಲ. ಕಾಣಲಾರದ್ದಕ್ಕ ಹೆಂಗ ಅಂಜಲಿ?”

ರಾಜನ ಮುಂದೆ ಎರಡು ದಾರಿಗಳಿದ್ದವು. ತನ್ನ ಕೈಯನ್ನು ದುರುಗಪ್ಪನ ಕೈಯಂತೆ ಮಾಡಿಕೊಳ್ಳುವುದು ಒಂದು. ಅದಕ್ಕೆ ಅಡುಗೆಯವನನ್ನು ನಂಬಬೇಕು, ಮಂತ್ರಿಯನ್ನು ನಂಬಬೇಕು, ಬಿಸಿ ಅನ್ನ ಉಣ್ಣಬೇಕು. ರಾಜನಿಗೆ ಇನ್ನೊಂದು ದಾರಿ ಸುಲಭವಾಗಿ ಕಂಡಿತು.

“ಇವನನ್ನು ನನ್ನ ಎದುರಿಗೆ ಕೂರಿಸಿ,” ಅಂದ. “ಹೊಸ ಶೀಶೆಯಿಂದ ಇಬ್ಬರಿಗೂ ಹಚ್ಚಿ. ಮೂರನೇ ತಾಸಿಗೆ ಎರಡು ಕೈಯೂ ಒಂದೇ ಆಗಿರಬೇಕು. ಆಗದಿದ್ದರೆ ಅತ್ತರಿನವನದೊಂದು ಮೂಗು, ಬೋಯಿಯದೊಂದು ಮೂಗು.”

ದುರುಗಪ್ಪನನ್ನು ಸಿಂಹಾಸನದ ಎದುರಿಗೆ ಕೂರಿಸಿದರು. ಹನ್ನೆರಡು ವರ್ಷ ಹೊತ್ತ ಮುಖವನ್ನು ಅವನು ಮೊದಲ ಸಲ ನೆಟ್ಟಗೆ ನೋಡಿದ. ಮಾಬೂಸಾಬ ಇಬ್ಬರ ಮಣಿಕಟ್ಟಿಗೂ ಎಣ್ಣೆ ಸವರಿದ.

ಮೊದಲ ತಾಸು ಹೂವು. ರಾಜ ದುರುಗಪ್ಪನನ್ನು ನೋಡುತ್ತಿದ್ದ. ದುರುಗಪ್ಪ ಸಭೆಯ ಚಿತ್ತಾರಗಳನ್ನು ನೋಡುತ್ತಿದ್ದ, ಒಮ್ಮೆ ಆಕಳಿಸಿದ. ಮಾಬೂಸಾಬ ತನ್ನ ಮೂಗು ಮುಟ್ಟಿ ನೋಡಿಕೊಂಡ.

ಎರಡನೇ ತಾಸು ಗಂಧ. ಕೊಯ್ಯುವವನು ಒಂದು ಕಲ್ಲು ತಂದು ಕೂತು ಕತ್ತಿ ಮಸೆಯತೊಡಗಿದ. ದುರುಗಪ್ಪ ಈ ಸಲ ಆಕಳಿಸಲಿಲ್ಲ. ಹಣೆಯ ಮೇಲೆ ಒಂದು ಬೆವರ ಹನಿ ಕಾಣಿಸಿತು. ಆ ಹನಿಯನ್ನು ಇಡೀ ಸಭೆ ಮಳೆ ಕಾಯುವವರಂತೆ ನೋಡಿತು.

ಮೂರನೇ ತಾಸಾಯಿತು. ರಾಜ ಎರಡೂ ಕೈ ಜೊತೆಯಾಗಿ ಹಿಡಿದು ಕಣ್ಣು ಮುಚ್ಚಿ ಮೂಸಿದ. ಹುಣಸೆ ಹುಳಿ, ತಾಮ್ರದ ತಂಬಿಗೆ. ಯಾವುದು ರಾಜನ ಕೈ, ಯಾವುದು ಬೋಯಿಯ ಕೈ ಎಂದು ಗೊತ್ತಾಗಲಿಲ್ಲ.

ರಾಜನ ಮುಖ ಅರಳಿತು. “ಈಗ ಸರಿಯಾಯಿತು,” ಅಂದ. “ಇಷ್ಟು ದಿನ ಅವನ ಕೈಯಲ್ಲೇ ದೋಷವಿತ್ತು.”

ಮಂತ್ರಿ ಬಂದು ಎರಡೂ ಕೈ ಮೂಸಿ, “ಎರಡೂ ಪಾರಿಜಾತ,” ಅಂದ. ಮಾಬೂಸಾಬನಿಗೆ ಶಾಲು ಹೊದಿಸಿದರು. ಕೊಯ್ಯುವವನು ಕತ್ತಿ ಒರೆಸಿಕೊಂಡು, ಸ್ವಲ್ಪ ಬೇಸರದಿಂದಲೇ, ಊಟಕ್ಕೆ ಹೋದ.

ಹೊರಗೆ ಬಂದ ಮೇಲೆ ಮಾಬೂಸಾಬ ಮತ್ತು ದುರುಗಪ್ಪ ಒಂದೇ ದಾರಿಯಲ್ಲಿ ನಡೆದರು.

“ತಪ್ಪಾತು ದುರುಗಪ್ಪ,” ಅಂದ ಮಾಬೂಸಾಬ. “ನನ್ನ ಮೂಗಿಗೋಸ್ಕರ ನಿನಗ ಅಂಜಿಕೆ ಹತ್ತಿಸಿದೆ.”

“ನೀವೇನ ಮಾಡೀರಿ ಸಾಹೇಬ್ರ, ನಿಮ್ಮ ಮೂಗೂ ಅಲ್ಲೇ ಇತ್ತಲ್ಲ,” ಅಂದ ದುರುಗಪ್ಪ. ನಾಲ್ಕು ಹೆಜ್ಜೆ ನಡೆದು, “ಒಂದು ಮಾತು ಹೇಳಲೇನ್ರಿ?” ಅಂದ. “ಅಂವನ ಮುಖ ನೋಡಿದೆ, ಅಂಜಿಕೆ ಬರಲಿಲ್ಲ. ಕತ್ತಿ ನೋಡಿದೆ, ಬರಲಿಲ್ಲ. ಆಮ್ಯಾಲೆ ನೆನಪಾತು, ಅಂಜಿಕೆ ಬರಲಿಲ್ಲಂದ್ರ ಎರಡು ಮೂಗು ಹೋಗತಾವು ಅಂತ. ಅಯ್ಯ, ಇದು ಬರಲೇ ಇಲ್ಲಂದ್ರ ಏನ ಗತಿ ಅಂದ್ಕೊಂಡೆ ನೋಡ್ರಿ. ಅಲ್ಲಿಂದ ಹತ್ತಿದ್ದು, ಇನ್ನೂ ಇಳಿದಿಲ್ಲ.”

ಮಾಬೂಸಾಬ ನಿಂತುಬಿಟ್ಟ. “ರಾಜರಿಗೂ ಮೊದಲನೇ ಸಲ ಹಂಗೇ ಹತ್ತಿರಬೇಕು,” ಅಂದ.

“ಹಂಗಾದರ ಇಳಿಯೂದಿಲ್ಲೇನ್ರಿ?”

ಮಾಬೂಸಾಬ ದುರುಗಪ್ಪನ ಹೆಗಲ ಮೇಲೆ ಕೈಯಿಟ್ಟು, ತನ್ನ ಮನೆಗೆ ಕರೆದುಕೊಂಡು ಹೋದ. ಬೀಬಿಜಾನ ಇಬ್ಬರಿಗೂ ತಟ್ಟೆ ಇಟ್ಟಳು, ಯಾರ ಕೈಯನ್ನೂ ಮೂಸಲಿಲ್ಲ.

ಮರುದಿನದಿಂದ ರಾಜ ಇಡೀ ಸಭೆಗೆ ಅತ್ತರು ಹಚ್ಚಿಸತೊಡಗಿದನಂತೆ. ಮೂರನೇ ತಾಸಿಗೆ ಎಲ್ಲರೂ ಸಾಲಾಗಿ ಕೈ ಚಾಚಬೇಕು. ಯಾರ ಕೈ ಘಮ್ಮೆಂದಿತೋ ಅವನ ಹೆಸರು ಬರೆದಿಡಬೇಕು. ಮೊದಲ ವಾರ ಮೂರು ಹೆಸರು ಬರೆದರು, ಎರಡನೇ ವಾರ ಒಂದು. ಮೂರನೇ ವಾರದಿಂದ ಬರೆಯುವುದಕ್ಕೇನೂ ಇರಲಿಲ್ಲ. ಸಭೆಯದು ಮನೆ ಮನೆಗೂ ಹಬ್ಬಿ ಊರಿಗೆಲ್ಲ ಒಂದೇ ವಾಸನೆಯಾದದ್ದರಿಂದ ಅದು ವಾಸನೆ ಎಂದೇ ಯಾರಿಗೂ ಅನ್ನಿಸಲಿಲ್ಲ, ಬೇರೆ ಊರಿಂದ ಬಂದವರ ವಿನಾ. ಅವರೂ ಎರಡು ದಿನ ಉಳಿದರೆ ಒಗ್ಗಿಹೋಗುತ್ತಿದ್ದರಂತೆ.

ಅಲ್ಲಿಗೆ ಅವರ ಕಥೆ ಅವರ ಊರಲ್ಲಿ ಉಳಿಯಿತು. ಹೇಳಿದವನ ಮೂಗು ಹೇಳಿದವನಿಗಿರಲಿ, ಕೇಳಿದವರ ಮೂಗು ಕೇಳಿದವರಿಗಿರಲಿ.