ಸೆರಗು ಬಲಕ್ಕೆ ಬಿದ್ದ ಚಾಕೊಲೇಟ್ ಚಿತ್ರ

ಚಾಕೊಲೇಟಿನಲ್ಲಿ ಚಿತ್ರ ಬಿಡಿಸಿ ಕೇಕಿನ ಮೇಲೆ ಕೂರಿಸುವುದರಲ್ಲಿ ನಳಿನಾಕ್ಷಿಯನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದನ್ನು ಬಚ್ಚಿಡುವ ಅಭ್ಯಾಸ ಅವಳಿಗಿರಲಿಲ್ಲ.

ಕೆಲಸ ನೋಡಲು ಸುಲಭ. ಕಾಗದದಲ್ಲಿ ಬರೆದ ಚಿತ್ರದ ಮೇಲೆ ಬಟರ್ ಪೇಪರ್ ಹಾಸಬೇಕು. ಕರಗಿಸಿದ ಚಾಕೊಲೇಟನ್ನು ಮೆಹಂದಿಯ ಹಾಗೆ ಕೋನಿಗೆ ತುಂಬಿ, ಅಡಿಯಲ್ಲಿ ಕಾಣುವ ಗೆರೆಗಳ ಮೇಲೆ ಎಳೆಯಬೇಕು. ಗೆರೆ ಗಟ್ಟಿಯಾದ ಮೇಲೆ ನಡುವೆ ಬಣ್ಣದ ಚಾಕೊಲೇಟ್ ತುಂಬಿ ಫ್ರಿಜ್ಜಿನಲ್ಲಿಡಬೇಕು. ಆಮೇಲೆ ತಿರುವಿ ಹಾಕಿ ಪೇಪರ್ ಸುಲಿದರೆ, ಅಡಿಯಲ್ಲಿದ್ದ ನುಣುಪು ಮುಖ ಮೇಲೆ ಬರುತ್ತದೆ. ನಳಿನಾಕ್ಷಿ ಹೀಗೆ ಮಾಡಿದ ಹೂವು, ಚಿಟ್ಟೆ, ದ್ರಾಕ್ಷಿಗೊಂಚಲುಗಳಿಗೆ ಲೆಕ್ಕವಿಲ್ಲ. ಅಕ್ಕಪಕ್ಕದ ಹೆಂಗಸರು ಅವಳ ಅಡುಗೆಮನೆಗೇ ಬಂದು ಕಲಿಯುತ್ತಿದ್ದರು.

ಆಸ್ಪತ್ರೆಯ ನರ್ಸ್ ರತ್ನಾಬಾಯಿ ನಿವೃತ್ತರಾಗುವ ದಿನ ಬಂತು. ಊರಿನ ಅರ್ಧ ಮಕ್ಕಳು ಹುಟ್ಟಿದ್ದು ಅವರ ಕೈಯಲ್ಲೇ, ನಳಿನಾಕ್ಷಿಯ ಮಗಳೂ ಸೇರಿ. ಬೀಳ್ಕೊಡುಗೆಯ ಕೇಕನ್ನು ನಳಿನಾಕ್ಷಿ ತಾನೇ ಮಾಡುತ್ತೇನೆಂದು ಒಪ್ಪಿಕೊಂಡಳು. "ಕೇಕ್ ಮೇಲೆ ಸಿಸ್ಟರ್ ಮುಖಾನೇ ಬರುತ್ತೆ, ನೋಡ್ತಾ ಇರಿ" ಎಂದು ಬೀದಿಗೆಲ್ಲ ಸಾರಿಯೂ ಬಿಟ್ಟಳು.

ಅಂದು ಬೆಳಿಗ್ಗೆ ಶಿಷ್ಯೆಯರೆಲ್ಲ ಸುತ್ತ ನಿಂತರು. ರತ್ನಾಬಾಯಿಯವರ ಫೋಟೊ ನೋಡಿ ಬರೆದ ಚಿತ್ರದ ಮೇಲೆ ನಳಿನಾಕ್ಷಿ ಗೆರೆ ಎಳೆಯತೊಡಗಿದಳು. ಎಲ್ಲರಿಗಿಂತ ಹೊಸಬಳಾದ ಶಕೀಲಾ ಮೆಲ್ಲಗೆ ಬಾಯಿ ತೆರೆದಳು.

"ನಳಿನಕ್ಕ, ತಿರುವಿ ಹಾಕಿದ್ರೆ ಸಿಸ್ಟರ್ ಸೆರಗು ಬಲಗಡೆ ಹೋಗಲ್ವಾ?"

"ನೀನು ನಂಗೆ ಹೇಳ್ಕೊಡ್ತೀಯಾ? ಮೊದ್ಲು ನೆಟ್ಟಗೆ ಒಂದು ಗೆರೆ ಎಳೆಯೋದು ಕಲಿ."

ಉಳಿದವರು ಕಿಸಕ್ಕನೆ ನಕ್ಕರು. ಶಕೀಲಾ ಮುಖ ಸಣ್ಣದು ಮಾಡಿಕೊಂಡು ಹಿಂದೆ ಸರಿದಳು.

ಚಿತ್ರ ಗಟ್ಟಿಯಾಗುವ ಹೊತ್ತಿಗೆ ಅವರೆಲ್ಲ ಹೊರಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ನಳಿನಾಕ್ಷಿ ಒಬ್ಬಳೇ ಅದನ್ನು ತಿರುವಿ ಪೇಪರ್ ಸುಲಿದಳು. ಗೆರೆಗಳೆಲ್ಲ ಅಚ್ಚುಕಟ್ಟು. ಆದರೆ ಸೆರಗು ಬಲ ಹೆಗಲ ಮೇಲಿತ್ತು. ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹಾರಿತ್ತು. ಹೂವು ಚಿಟ್ಟೆಗಳನ್ನು ಯಾವ ಕಡೆಗೆ ತಿರುವಿದರೂ ಒಂದೇ. ಹಾಗಾಗಿ ಇಷ್ಟು ವರ್ಷ ಎಡಬಲದ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

ಯಾರೂ ನೋಡಿರಲಿಲ್ಲ. ಹೆಬ್ಬೆರಳು ಒತ್ತಿದರೆ ಸಾಕು, ಚಿತ್ರ ಎರಡು ತುಂಡು. 'ಅಯ್ಯೋ, ಮುರಿದುಹೋಯ್ತು ಕಣ್ರೇ' ಎಂದು ಹೇಳಿ ಸದ್ದಿಲ್ಲದೆ ಇನ್ನೊಂದು ಮಾಡಬಹುದು. ಗುರುವಿನ ಮರ್ಯಾದೆ ಉಳಿಯುತ್ತದೆ. ಹೆಬ್ಬೆರಳು ಚಿತ್ರದ ಮೇಲೆ ಕೂತಿತು ಕೂಡ.

ಆದರೆ ಹಾಗೆ ಮಾಡಿದರೆ, ಸರಿಯಾಗಿ ಕಂಡದ್ದನ್ನೇ ತಪ್ಪೆಂದುಕೊಂಡು ಶಕೀಲಾ ಮನೆಗೆ ಹೋಗುತ್ತಾಳೆ. ಇನ್ನೆಂದೂ ಬಾಯಿ ತೆರೆಯುವುದಿಲ್ಲ. ಕಲಿಸುವವಳ ಕೈಯಿಂದ ಇದು ಆಗಬಾರದು ಎನ್ನಿಸಿ ನಳಿನಾಕ್ಷಿಗೆ ನಾಚಿಕೆಯಾಯಿತು. ಬೆರಳು ತೆಗೆದಳು.

"ಎಲ್ಲಾ ಒಳಗೆ ಬನ್ನಿ, ಇಲ್ಲಿ ನೋಡಿ" ಎಂದು ಕರೆದಳು. "ಶಕೀಲಾ ಹೇಳಿದ್ದೇ ಸರಿ, ತಪ್ಪಿದ್ದು ನಾನು. ಈ ಸಲ ಗೆರೆ ಅವಳೇ ಎಳೀತಾಳೆ."

ಶಕೀಲಾ ಕಾಗದವನ್ನು ಮಗುಚಿ ಕಿಟಕಿಯ ಗಾಜಿಗೆ ಹಿಡಿದು, ಹಿಂಬದಿಯಲ್ಲಿ ಎಡಬಲ ಅದಲುಬದಲಾಗಿ ಕಂಡ ಗೆರೆಗಳ ಮೇಲೆ ಪೆನ್ಸಿಲ್ ಎಳೆದುಕೊಂಡಳು. ಆಮೇಲೆ ಕೋನ್ ಹಿಡಿದು ಒಂದೊಂದೇ ಗೆರೆ ಎಳೆಯತೊಡಗಿದಳು. ನಳಿನಾಕ್ಷಿ ಪಕ್ಕದಲ್ಲೇ ನಿಂತು ಚಾಕೊಲೇಟಿನ ಹದ ನೋಡಿಕೊಳ್ಳುತ್ತಾ, "ಅವಸರ ಬೇಡ, ಚೆನ್ನಾಗಿ ಬರ್ತಿದೆ" ಎನ್ನುತ್ತಿದ್ದಳು.

ಸಂಜೆ ರತ್ನಾಬಾಯಿ ಕೇಕಿನ ಮುಂದೆ ನಿಂತು ತಮ್ಮನ್ನೇ ತಾವು ನೋಡಿಕೊಂಡರು. "ಯಾರಮ್ಮ ಮಾಡಿದ್ದು ಇದನ್ನ?" ಎಂದರು.

ನಳಿನಾಕ್ಷಿ ಶಕೀಲಾಳ ಕೈ ಹಿಡಿದು ಮುಂದಕ್ಕೆ ತಂದಳು. "ನನ್ನ ಶಿಷ್ಯೆ, ಸಿಸ್ಟರ್. ನಾನು ಎಡಬಲ ತಪ್ಪಿದ್ದೆ, ಇವಳು ಹಿಡಿದುಬಿಟ್ಟಳು."

"ಶಿಷ್ಯೆ ತಪ್ಪು ಹಿಡಿದ್ಲು ಅಂತ ಊರಿಗೆಲ್ಲ ಕೇಳೋ ಹಾಗೆ ಹೇಳ್ತೀಯಲ್ಲೇ, ಬೇಜಾರಿಲ್ವಾ?"

"ಬೇಜಾರು ಯಾಕೆ ಸಿಸ್ಟರ್?" ನಳಿನಾಕ್ಷಿ ಎದೆಯುಬ್ಬಿಸಿ ಹೇಳಿದಳು. "ನನ್ನ ತಪ್ಪು ಹಿಡಿಯೋವಷ್ಟು ಇವಳಿಗೆ ಕಲಿಸಿದ್ದು ಯಾರು?"

ನೀತಿ: ಎಷ್ಟೇ ಪಳಗಿದ ಕೈಯಾದರೂ ಒಮ್ಮೆ ತಪ್ಪುತ್ತದೆ. ಆ ತಪ್ಪನ್ನು ತೋರಿಸುವ ಶಿಷ್ಯರನ್ನು ಬೆಳೆಸಿದ ಗುರು ಧಾರಾಳವಾಗಿ ಹೆಮ್ಮೆ ಪಡಬಹುದು.