ಕಂಬಳಿ ವ್ಯಾಪಾರಿಯ ಹೊಸ ಚಿಲಕ

“ಗುರುಗಳೇ, ಬೇಕೆಂದು ಮಾಡದ ತಪ್ಪಿನ ಪಾಪವೂ ತಟ್ಟುತ್ತದೆಯೇ?” ಎಂದು ಮರಿದೇವ ಕೇಳಿದ.

ಮರಿದೇವ ಮಠದ ಊಟದ ಮನೆಯನ್ನು ನೋಡಿಕೊಳ್ಳುವ ಶಿಷ್ಯ. ಹಿಂದಿನ ದಿನ ಊಟದ ಹೊತ್ತು ಮುಗಿದ ಮೇಲೆ ಒಬ್ಬ ಮುದುಕ ಬಂದಿದ್ದ. ಹೊತ್ತು ಮೀರಿತು ಎಂದು ಮರಿದೇವ ಒಳಗಿನಿಂದಲೇ ಹೇಳಿ ಕಳಿಸಿದ್ದ. ಆ ಮುದುಕ ಊರ ಹೊರಗಿನ ದಾರಿಯಲ್ಲಿ ಬಿದ್ದಿದ್ದನಂತೆ. ಯಾರೋ ಗಾಡಿಯಲ್ಲಿ ಹಾಕಿಕೊಂಡು ಹೋದರಂತೆ. ಆಮೇಲೆ ಅವನು ಏನಾದನೋ ತಿಳಿಯದು. ಇದನ್ನೆಲ್ಲ ಹೇಳಿ ಮರಿದೇವ, ತಾನು ಮಠದ ಕಟ್ಟಳೆಯಂತೆ ನಡೆದೆ, ಯಾರಿಗೂ ಕೇಡು ಬಗೆದವನಲ್ಲ ಎಂದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕುಳಿತುಕೋ ಎಂದರು. ಕತೆ ಹೇಳುವ ಉತ್ಸಾಹ ಅಂದು ಅವರಿಗೆ ಇದ್ದಂತಿರಲಿಲ್ಲ. ಆದರೂ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ನೀಲವ್ವ. ತಾಯಿಯಿಲ್ಲದ ಕೂಸೆಂದು ಅವಳನ್ನು ಅಂಗೈಯಲ್ಲಿಟ್ಟುಕೊಂಡು ಸಾಕಿದ. ಮನುಷ್ಯ ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಕೆಟ್ಟವನಾಗಿದ್ದರೆ ಈ ಕತೆಯಲ್ಲಿ ಹೇಳುವಂಥದ್ದೇನೂ ಇರುತ್ತಿರಲಿಲ್ಲ.

ಅವನ ಮನೆಯ ಬಾಗಿಲಿನ ಚಿಲಕ ಬಹಳ ಹಳೆಯದು. ಕದದ ಒಳಮೈಗೆ, ಮೇಲ್ತುದಿಯಲ್ಲಿ ಇತ್ತು. ಮೇಲಕ್ಕೆ ನೂಕಿದರೆ ಚೌಕಟ್ಟಿನ ತೂತಿನೊಳಗೆ ಹೋಗಿ ಕೂರಬೇಕು. ತೂತು ಸವೆದು ಅಗಲವಾಗಿತ್ತು, ಚಿಲಕ ಸವೆದು ಸಣ್ಣದಾಗಿತ್ತು. ಹೊರಗೆ ನಿಂತು ಕದದ ಹಿಡಿಯನ್ನು ಎತ್ತಿ ಹಿಡಿದು, ಮೊಣಕಾಲಿನಿಂದ ಒಮ್ಮೆ ಒತ್ತಿದರೆ ಸಾಕು, ಚಿಲಕ ತಾನಾಗಿ ಕೆಳಗೆ ಜಾರುತ್ತಿತ್ತು. ಈ ಉಪಾಯ ತಂದೆಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು. ಹಿಡಿ ಕೈಗೆಟುಕುವಷ್ಟು ಬೆಳೆದಂದಿನಿಂದ ನೀಲವ್ವ ಹಾಗೆಯೇ ಒಳಗೆ ಬಂದವಳು. ತನ್ನ ಮನೆಯ ಕದ ತಟ್ಟಬೇಕು, ಹೊರಗೆ ನಿಂತು ಯಾರನ್ನಾದರೂ ಕೂಗಬೇಕು ಎಂಬುದು ಅವಳ ತಲೆಗೆ ಎಂದೂ ಬಂದದ್ದಿಲ್ಲ.

ಹೊತ್ತಿಗೆ ಸರಿಯಾಗಿ ಅವಳ ಮದುವೆಯಾಯಿತು. ಗಂಡನ ಊರು ಒಂದು ಹಗಲಿನ ದಾರಿ. ಮದುವೆಯಾದ ವರ್ಷವೇ ಅವಳು ಒಮ್ಮೆ ಒಬ್ಬಳೇ ಬಂದಳು. ಮುಖ ಬಾಡಿತ್ತು. ಊಟಕ್ಕೆ ಕುಳಿತಾಗ ಏನೋ ಹೇಳಲು ಹೊರಟಳು. ತಂದೆಗೆ ಅರ್ಧ ತಿಳಿಯಿತು, ಇನ್ನರ್ಧ ತಿಳಿಯುವುದು ಬೇಡವಾಗಿತ್ತು. ಹೊಸ ಮನೆ ಎಂದಮೇಲೆ ಇವೆಲ್ಲ ಇದ್ದದ್ದೇ, ಹೊಂದಿಕೊಂಡು ಹೋಗಬೇಕು, ಹೆಣ್ಣುಮಕ್ಕಳು ಹೀಗೆ ಬಂದು ಬಂದು ನಿಂತರೆ ಓಣಿಯವರು ಏನೆಂದುಕೊಳ್ಳುತ್ತಾರೆ ಎಂದ. ಅವಳು ತಲೆಯಾಡಿಸಿದಳು. ಅಂಗಡಿಗೆ ತಂದಿದ್ದರಲ್ಲೇ ಒಳ್ಳೆಯ ಕಂಬಳಿಯೊಂದನ್ನು ಆರಿಸಿ ಅವಳ ಹೆಗಲಿಗೆ ಹಾಕಿ, ಗಾಡಿ ಹತ್ತಿಸಿದ. ಗಾಡಿ ಮರೆಯಾದ ಮೇಲೆ ಅತ್ತ. ಅವನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳಲಾಗದು.

ಅದಾದ ಮೇಲೆ ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ನಾಯಿಯೊಂದು ಮೂತಿಯಿಂದ ಕದ ನೂಕಿತು. ಸಡಿಲ ಚಿಲಕ ಬಿತ್ತು. ನಾಯಿ ಒಳಗೆ ಬಂದು ಸಂತೆಗೆಂದು ಮಡಿಚಿಟ್ಟಿದ್ದ ಕಂಬಳಿಗಳ ಮೇಲೆ ಮರಿ ಹಾಕಿತು. ಓಣಿಯೆಲ್ಲ ನಕ್ಕಿತು. ಕಂಬಳಿ ವ್ಯಾಪಾರಿಯ ಮನೆಯಲ್ಲಿ ನಾಯಿಗೂ ಬಾಣಂತನ ಮಾಡುತ್ತಾರೆ ಎಂದು ಸಂತೆಯಲ್ಲೂ ಆಡಿಕೊಂಡರು. ಅವನಿಗೆ ನಷ್ಟಕ್ಕಿಂತ ಈ ಮಾತು ಚುಚ್ಚಿತು.

ಮರುದಿನವೇ ಕಮ್ಮಾರನಲ್ಲಿಗೆ ಹೋಗಿ ಹೆಬ್ಬೆರಳು ದಪ್ಪದ ಚಿಲಕ ಹೊಡೆಸಿದ. ಬಡಗಿಯನ್ನು ಕರೆಸಿ ಹಳೆಯ ತೂತಿಗೆ ಮರದ ತುಂಡು ಜಡಿಸಿ, ಪಕ್ಕದಲ್ಲಿ ಹೊಸ ತೂತು ಕೊರೆಸಿದ. ಹಿಡಿಯನ್ನೂ ಬದಲಿಸಿದ. ಹಳೆಯದು ಕೈ ಆಡಿ ಆಡಿ ನುಣ್ಣಗಾಗಿತ್ತು, ಹೊಸದು ಹಿತ್ತಾಳೆಯದು. ಕೆಲಸ ಅಚ್ಚುಕಟ್ಟಾಗಿತ್ತು. ಅದರಲ್ಲಿ ಎರಡು ಮಾತಿಲ್ಲ.

ಮನುಷ್ಯನಿಗೆ ತಾನು ಮಾಡಿಸಿದ್ದನ್ನು ನಾಲ್ಕು ಜನ ನೋಡಲಿ ಎಂಬ ಆಸೆ. ನಿನಗೂ ಇದೆ, ನನಗೂ ಇದೆ. ಅವನು ಓಣಿಯವರನ್ನು ಕರೆದ. ತಾನು ಒಳಗೆ ನಿಂತು ಚಿಲಕ ಹಾಕಿಕೊಂಡು, ಈಗ ನೂಕಿ ನೋಡಿ ಎಂದ. ನೂಕಿದರು, ಅಲುಗಾಡಿಸಿದರು, ಹೆಗಲು ಕೊಟ್ಟರು. ಬಾಗಿಲು ಜಗ್ಗಲಿಲ್ಲ. ಅಂದಿನಿಂದ ಓಣಿಯಲ್ಲಿ ಇದೊಂದು ತಮಾಷೆಯಾಯಿತು. ಅವನ ಮನೆಯ ಮುಂದೆ ಹೋಗುವವರು ಹಿಡಿಗೆ ಕೈ ಹಾಕಿ ಒಮ್ಮೆ ಜಗ್ಗಿ ಹೋಗುತ್ತಿದ್ದರು. ಅವನು ಮಲಗಿದಲ್ಲಿಂದಲೇ ಏನಾದರೂ ಒಂದು ತಮಾಷೆಯ ಮಾತು ಕೂಗಿ ಹೇಳುತ್ತಿದ್ದ. ಹೊರಗಿನವರು ನಗುತ್ತಿದ್ದರು, ಒಳಗೆ ಅವನೂ ನಗುತ್ತಿದ್ದ. ಒಂಟಿ ಮನುಷ್ಯನಿಗೆ ಅಷ್ಟಾದರೂ ಸಂತೋಷ ಬೇಡವೇ?

ಹೀಗಿರುವಾಗ ಒಂದು ಮಧ್ಯಾಹ್ನ ನೀಲವ್ವ ಬಂದಳು. ಗಾಡಿಯಲ್ಲಿ ಬಂದವಳಲ್ಲ, ರಾತ್ರಿಯೇ ಹೊರಟು ನಡೆದು ಬಂದವಳು. ಕೈಯಲ್ಲಿ ಒಂದು ಸಣ್ಣ ಗಂಟು. ಗಂಡನ ಮನೆಯನ್ನು ಬಿಟ್ಟು, ಇನ್ನು ಅಲ್ಲಿಗೆ ಹೋಗಬಾರದೆಂದು ನಿಶ್ಚಯಿಸಿ ಬಂದಿದ್ದಳು. ತಂದೆ ಬಯ್ಯಬಹುದು, ಬೈದರೂ ಊಟಕ್ಕೆ ಹಾಕುತ್ತಾನೆ, ಮಲಗಲು ಹಾಸಿಕೊಡುತ್ತಾನೆ ಎಂಬ ಒಂದೇ ನಂಬಿಕೆ ಅವಳಿಗಿತ್ತು. ಬಾಗಿಲಿನ ಹಿಡಿ ಹೊಸದಾಗಿದ್ದುದನ್ನು ಕಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎಂದಿನಂತೆ ಹಿಡಿಯನ್ನು ಎತ್ತಿ ಮೊಣಕಾಲಿನಿಂದ ಒತ್ತಿದಳು. ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಎತ್ತಿ ಒತ್ತಿದಳು.

ತಂದೆ ಒಳಗೆ ಮಲಗಿದ್ದ. ಕದ ಅಲುಗಿತು. ಚಿಲಕ ಕದಲಲಿಲ್ಲ. ಎರಡನೆಯ ಸಲ ಕದ ಮೊದಲಿಗಿಂತ ಜೋರಾಗಿ ಅಲುಗಿತು, ಚಿಲಕ ಆಗಲೂ ಕದಲಲಿಲ್ಲ. ಅವನಿಗೆ ಹೆಮ್ಮೆಯಾಯಿತು. ಹಾಸಿಗೆಯಿಂದ ಏಳದೆಯೇ ಕೂಗಿ ಹೇಳಿದ:

“ಎಷ್ಟು ಅಲುಗಾಡಿಸಿದ್ರೂ ಈ ಬಾಗಿಲು ಇನ್ನು ತೆಗಿಯೋದಿಲ್ಲ. ಸುಮ್ನೆ ಬಂದ ದಾರಿ ಹಿಡಿದು ಹೋಗು.”

ಹೊರಗೆ ಸದ್ದು ನಿಂತಿತು. ಅಂದು ಯಾರೂ ನಗಲಿಲ್ಲ. ಅದನ್ನು ಅವನು ಗಮನಿಸಲಿಲ್ಲ. ಮಗ್ಗುಲು ಬದಲಿಸಿ ನಿದ್ದೆ ಹೋದ.

ನೀಲವ್ವ ಬಂದ ದಾರಿ ಹಿಡಿದು ಹೋದಳು. ಬೇರೆ ದಾರಿ ಅವಳಿಗೆ ಯಾವುದಿತ್ತು? ಗಂಡನ ಮನೆಯವರು ಅವಳನ್ನು ಒಳಗೆ ಸೇರಿಸಿಕೊಂಡರು. ಹೇಗೆ ಸೇರಿಸಿಕೊಂಡರು ಎಂಬುದನ್ನು ನಾನು ಹೇಳಲಾರೆ. ಮಳೆಗಾಲ ಮುಗಿಯುವ ಮೊದಲು ಆ ಊರಿನಿಂದ ಒಬ್ಬ ಆಳು ಬಂದ. ನೀರು ಸೇದುವಾಗ ಕಾಲು ಜಾರಿ ನೀಲವ್ವ ಬಾವಿಗೆ ಬಿದ್ದಳು ಎಂದ. ಆ ಮಾತನ್ನು ಹೇಳುವಾಗ ಅವನು ತಲೆಯೆತ್ತಲಿಲ್ಲ.

ತಂದೆ ಹೋಗಿ ಮಗಳನ್ನು ಮಣ್ಣಿಗೆ ಕೊಟ್ಟು ಬಂದ. ಓಣಿಯವರು ಬಂದು ಅವನ ಸುತ್ತ ಕುಳಿತರು. ಅವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಅಷ್ಟು ಕಷ್ಟವಿದ್ದರೆ ನನ್ನ ಹತ್ತಿರ ಬರಬಾರದಿತ್ತೇ, ನಾನೇನು ಸತ್ತಿದ್ದೆನೇ, ಅವಳನ್ನು ನಾನು ಬೇಡ ಎನ್ನುತ್ತಿದ್ದೆನೇ ಎಂದು ಎದೆ ಬಡಿದುಕೊಂಡ. ಅವನ ಸಂಕಟವನ್ನು ನೋಡಲಾಗುತ್ತಿರಲಿಲ್ಲ.

ಎದುರು ಮನೆಯ ಮುದುಕಿ ಬಹಳ ಹೊತ್ತು ಕೇಳಿಸಿಕೊಂಡಳು. ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ.

“ಬಂದಿದ್ಲಲ್ಲಪ್ಪಾ,” ಎಂದಳು. “ಗಂಟು ಹಿಡ್ಕೊಂಡು ಬಾಗಿಲಾಗೆ ನಿಂತಿದ್ದನ್ನ ನಾನೇ ಕಂಡೆ. ನೀನೇ ಒಳಗಿನಿಂದ ಹೋಗು ಅಂದೆ. ತಂದೆ ಮಗಳ ನಡುವೆ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಾದೆ.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಯಾವತ್ತು, ಯಾವ ಹೊತ್ತಿಗೆ ಎಂದು ವಿಚಾರಿಸಿದ. ಮುದುಕಿ ಹೇಳಿದಳು. ಅರ್ಥವಾದ ಮೇಲೆ ಅವನು ಅಳುವುದನ್ನು ನಿಲ್ಲಿಸಿಬಿಟ್ಟ. ಆಮೇಲೆ ಅವನು ಅತ್ತದ್ದನ್ನು ಯಾರೂ ನೋಡಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ವ್ಯಾಪಾರ ನಿಂತುಹೋಯಿತು. ಅವನು ಊರೂರು ಅಲೆಯತೊಡಗಿದ. ಮಠ ಸಿಕ್ಕರೆ ಮಠದಲ್ಲಿ, ಸಂತೆ ಸಿಕ್ಕರೆ ಸಂತೆಯಲ್ಲಿ, ಕಂಡವರನ್ನು ನಿಲ್ಲಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತಿದ್ದ. ಸವೆದ ಚಿಲಕವನ್ನು ಬದಲಿಸಿದ್ದು ತಪ್ಪೇ? ಹಿರಿಯರು ಅಲ್ಲವೆಂದರು. ತಿಳಿದವರು ಅಲ್ಲವೆಂದರು. ಹಾಗೆ ನೋಡಿದರೆ ಲೋಕದಲ್ಲಿ ಯಾರೂ ಚಿಲಕ ಬದಲಿಸುವಂತಿಲ್ಲ ಎಂದು ಕೆಲವರು ಬುದ್ಧಿಯನ್ನೂ ಹೇಳಿದರು. ಅವನು ಕೈ ಮುಗಿದು, ಎದ್ದು, ಮುಂದಿನ ಊರಿಗೆ ಹೋಗುತ್ತಿದ್ದ. ಅಲ್ಲಿ ಮತ್ತೆ ಅದನ್ನೇ ಕೇಳುತ್ತಿದ್ದ. ಅಷ್ಟು ಜನ ಅಲ್ಲವೆಂದರೂ ಅವನಿಗೆ ಒಂದು ತುತ್ತು ಅನ್ನ ನೆಮ್ಮದಿಯಿಂದ ಗಂಟಲಲ್ಲಿ ಇಳಿಯಲಿಲ್ಲ. ಹಾಗೆಯೇ ಅಲೆದು ಅಲೆದು ಯಾವುದೋ ಊರಿನ ಛತ್ರದಲ್ಲಿ ತೀರಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನಿಗೆ ಆ ವ್ಯಾಪಾರಿಯ ಮೇಲೆ ಬಹಳ ಮರುಕ ಹುಟ್ಟಿತ್ತು. ಒಂದಿಷ್ಟು ಧೈರ್ಯವೂ ಬಂದಂತಿತ್ತು.

“ಜನ ಹೇಳಿದ್ದು ಸರಿಯಾಗಿಯೇ ಇದೆಯಲ್ಲ ಗುರುಗಳೇ,” ಎಂದ. “ಚಿಲಕ ಬದಲಿಸಿದ್ದು ತಪ್ಪಲ್ಲ. ಹೊರಗೆ ನಿಂತವಳು ಮಗಳೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಪಾಪ, ಅವನಿಗೆ ಬಾಗಿಲು ಅಲುಗಿದ್ದಷ್ಟೇ ಕೇಳಿಸಿತು.”

“ಹೌದು, ಕೇಳಿಸಿತು,” ಎಂದರು ಗುರುಗಳು. “ಯಾರು ಎಂದು ಅವನು ಕೇಳಲಿಲ್ಲ.”