ಒಂದೇ ಪುಟ ಕೇಳಿದ ಮಾಳವ್ವ

"ಕೇಳ್ರಪ್ಪೋ ಕೇಳಿ! ಅರಮನೆಯ ಕಡತದ ಮನೆಯಲ್ಲಿ ಏನು ಬರೆದಿದೆ ಎಂದು ನೋಡಬೇಕಾದವರು ಇನ್ನು ಮೇಲೆ ಕರಣಿಕರ ಮೂರು ಒಗಟು ಬಿಡಿಸಬೇಕು. ಒಂದು ತಪ್ಪಿದರೂ ಕೇಳಿದವರ ತಲೆ ಹೋಗುತ್ತದೆ. ಮೂರೂ ಬಿಡಿಸಿದವರಿಗೆ ಕೇಳಿದ್ದನ್ನು ಅಂದೇ ತೋರಿಸಬೇಕು. ಮರೆಮಾಚಿದರೆ ಕರಣಿಕರ ತಲೆ ಹೋಗುತ್ತದೆ. ಸೋಮಣರಸರ ಅಪ್ಪಣೆ!"

ಕಲ್ಲುಹಾದಿ ಸೀಮೆಯಲ್ಲಿ ಡಂಗುರ ಸಾರಿದ್ದು ಹೀಗೆ. ಇದಕ್ಕೆ ಕಾರಣ ಕಡತ ಬರೆದಿಡುವ ಕರಣಿಕ ನರಸಪಯ್ಯ. ಜನ ದಿನಾ ಬಂದು "ಎಲ್ಲಾ ಕಡತ ತೋರಿಸಿ" ಅನ್ನುತ್ತಾರೆ, ಹೊತ್ತು ಹೊತ್ತು ನಮ್ಮ ಬೆನ್ನು ಮುರಿಯಿತು ಎಂದು ಅವನು ಅರಸನ ಮುಂದೆ ಗೋಳಾಡಿದ್ದ. ಜನ ಹಾಗೆ ಯಾಕೆ ಕೇಳುತ್ತಾರೆಂದು ಅರಸ ವಿಚಾರಿಸಲಿಲ್ಲ. ಯಾರದೋ ಗಂಡ, ಯಾರದೋ ಮಗ ಸೆರೆಮನೆ ಸೇರಿದ್ದ. ಯಾವ ಕಡತದಲ್ಲಿ ಅವನ ಹೆಸರಿದೆಯೆಂದು ಪಾಪ ಯಾರಿಗೆ ಗೊತ್ತು? ಅದಕ್ಕೇ ಎಲ್ಲವನ್ನೂ ಕೇಳುತ್ತಿದ್ದರು. ವಿಚಾರಿಸುವುದಕ್ಕಿಂತ ತಲೆ ತೆಗೆಯುವುದು ಅರಸನಿಗೆ ಸುಲಭವಾಗಿ ಕಂಡಿತು.

ಮೊದಲು ಬಂದವನು ಒಬ್ಬ ಪಂಡಿತ. ಕೊರಳಲ್ಲಿ ರುದ್ರಾಕ್ಷಿ, ಹೆಗಲ ಮೇಲೆ ಸನ್ಮಾನದ ಶಾಲು.

"ಏನು ನೋಡಬೇಕು?" ಎಂದ ನರಸಪಯ್ಯ.

"ಎಲ್ಲವನ್ನೂ."

ಕರಣಿಕ ನಕ್ಕ. "ಹಾಗಾದರೆ ಹೇಳಿ. ಕೇಳಿದವನ ಕೈತುಂಬ ಕೊಟ್ಟರೂ ಏನೂ ಕೊಡದ ಹಾಗೆಯೇ. ಏನದು?"

"ಮಾಯೆ!" ಎಂದ ಪಂಡಿತ. ಶಾಲು ಒಂದು ಕಡೆ ಬಿತ್ತು, ತಲೆ ಒಂದು ಕಡೆ.

ಮಾರನೆಯ ದಿನ ದಳವಾಯಿಯ ಮಗ ಕುದುರೆಯ ಮೇಲೆ ಬಂದ. ಅವನಿಗೂ ಎಲ್ಲ ಬೇಕಾಗಿತ್ತು. ಅದೇ ಒಗಟಿಗೆ ಅವನು "ಗಾಳಿ" ಎಂದ. ಕುದುರೆ ಒಂಟಿಯಾಗಿ ಮನೆಗೆ ಹೋಯಿತು. ಎರಡೂ ತಲೆಗಳನ್ನು ಕಡತದ ಮನೆಯ ಬಾಗಿಲಿಗೆ ತೂಗುಹಾಕಿದರು. ಆಮೇಲೆ ಎಂಟು ದಿನ ಯಾರೂ ಬರಲಿಲ್ಲ. ನರಸಪಯ್ಯ ಊಟ ಮಾಡಿ ನೆಮ್ಮದಿಯಾಗಿ ಮಲಗಿದ.

ಒಂಬತ್ತನೆಯ ದಿನ ಮಾಳವ್ವ ಬಂದಳು. ಕಡತದ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಕಲಸಿ ಬಳಿದು ಕಪ್ಪು ಮಾಡುವವಳು ಅವಳು. ಆ ಕಪ್ಪಿನ ಮೇಲೆ ಬಿಳಿ ಬಳಪದಲ್ಲಿ ಬರೆಯುತ್ತಿದ್ದರು. ಅವಳ ಕೈ ಯಾವಾಗಲೂ ಮಸಿ. ಏಳು ವರ್ಷದ ಹಿಂದೆ ಅವಳ ಅಣ್ಣ ದುರುಗನನ್ನು ಎಳೆದುಕೊಂಡು ಹೋಗಿದ್ದರು. ಯಾಕೆಂದು ಯಾರೂ ಹೇಳಿರಲಿಲ್ಲ. ಅವತ್ತು ಒಲೆಯ ಮೇಲಿಟ್ಟ ಮುದ್ದೆಯೂ ಅವನ ಬಾಯಿಗೆ ಬೀಳಲಿಲ್ಲವಲ್ಲ ಎಂದು ಅವಳಿಗೆ ಈಗಲೂ ಸಂಕಟವಾಗುತ್ತಿತ್ತು.

ಅಂದು ಅರಸನೂ ತಮಾಷೆ ನೋಡಲು ಬಂದು ಕೂತಿದ್ದ.

"ನಿನಗೂ ಎಲ್ಲ ಬೇಕೇನೇ?" ಎಂದ ನರಸಪಯ್ಯ.

"ಆಮೇಲೆ ಹೇಳ್ತೀನಿ ಬುದ್ಧಿ. ಮೊದಲು ಒಗಟು ಹೇಳಿ."

ಕರಣಿಕ ಅದೇ ಒಗಟು ಹೇಳಿದ. ಮಾಳವ್ವ ಬಾಗಿಲಿಗೆ ತೂಗುತ್ತಿದ್ದ ತಲೆಗಳನ್ನು ನೋಡಿದಳು.

"ಎಲ್ಲವನ್ನೂ ಒಟ್ಟಿಗೆ ಕೊಡೋದು ಬುದ್ಧಿ. ಬಾಯಾರಿದೋನನ್ನ ಕೆರೆಗೆ ನೂಕಿದ ಹಾಗೆ. ನೀರೇನೋ ಕೊಟ್ಟಿರಿ, ಆದರೆ ಅವನು ಸತ್ತ. ಪಾಪ, ಇವರಿಬ್ಬರ ಬಾಯಲ್ಲೇ ಉತ್ತರ ಇತ್ತು."

ಅರಸ ತೊಡೆ ತಟ್ಟಿ ನಕ್ಕ. ನರಸಪಯ್ಯ ನಗಲಿಲ್ಲ.

"ಎರಡನೆಯದು. ಬಾಯಿಲ್ಲ, ಆದರೂ ಸತ್ತವರ ಮಾತು ಹೇಳುತ್ತದೆ. ಮುಖ ತೊಳೆದರೆ ಮೂಕವಾಗುತ್ತದೆ. ಏನದು?"

"ಕಡತ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರೆದದ್ದು ಹೋಯ್ತು. ಆದರೆ ಪೂರಾ ಮೂಕ ಆಗಲ್ಲ ಬುದ್ಧಿ."

ಕರಣಿಕನ ಹಣೆ ಬೆವರಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಮೂರನೆಯದು. ಈ ಮನೆಯ ಬಾಗಿಲು ಆನೆ ಬಂದರೆ ಅಲುಗುವುದಿಲ್ಲ, ಇರುವೆ ಬಂದರೆ ನಡುಗುತ್ತದೆ. ಆ ಇರುವೆ ಯಾವುದು?"

ಮಾಳವ್ವ ತಡಮಾಡಲಿಲ್ಲ. "ಎಲ್ಲ ಕೊಡಿ ಅನ್ನೋದು ಆನೆ. ಇಂಥ ದಿನದ ಇಂಥ ಪುಟ ಕೊಡಿ ಅನ್ನೋದು ಇರುವೆ. ಈಗ ನನ್ನ ಇರುವೆ ಕೇಳಿ. ಏಳು ವರ್ಷದ ಹಿಂದಿನ ನಾಗರಪಂಚಮಿಯ ಮಾರನೆ ದಿನ ನಮ್ಮಣ್ಣ ದುರುಗನ್ನ ಸೆರೆಗೆ ಹಾಕಿದ ಪುಟ. ಅದೊಂದೇ ಸಾಕು."

ಮೂರೂ ಸರಿ ಎಂದು ಅರಸ ತಲೆಯಾಡಿಸಿದ. ನರಸಪಯ್ಯ ತಾನೇ ಒಳಗೆ ಹೋಗಿ ಕಡತ ತಂದು, ಪುಟ ಬಿಡಿಸಿ ಗಟ್ಟಿಯಾಗಿ ಓದಿದ. "ಅರಮನೆಯ ಕುದುರೆ ಕದ್ದವನು ದುರುಗ. ಸಾಯುವ ತನಕ ಸೆರೆ. ಕೇಳಿದೆಯಲ್ಲ, ಹೋಗು."

"ಮಹಾಸ್ವಾಮಿ, ಆ ಪುಟ ನಿಮ್ಮ ಕೈಗೆ ತಗೊಳ್ಳಿ" ಎಂದಳು ಮಾಳವ್ವ. "ನನಗೆ ಓದೋಕೆ ಬರಲ್ಲ. ಆದರೆ ಬಟ್ಟೆ ಗೊತ್ತು. ನಾನು ಬಳಿದ ಕಪ್ಪಿಗೆ ಹೊಳಪಿರುತ್ತೆ. ಹೆಸರಿರೋ ಕಡೆ ಮಾತ್ರ ಮಂಕಾಗಿದೆ ನೋಡಿ. ಬಿಸಿಲಿಗೆ ಓರೆಯಾಗಿ ಹಿಡೀರಿ. ಬಳಪದ ಬಿಳುಪು ಹೋಗುತ್ತೆ, ಗೀರು ಹೋಗಲ್ಲ."

ಅರಸ ಬಿಸಿಲಿಗೆ ಹಿಡಿದ. ದುರುಗ ಎಂಬ ಹೆಸರಿನ ಕೆಳಗೆ ಇನ್ನೊಂದು ಹೆಸರಿನ ಗೀರು ಕಂಡಿತು. ತಿರುಮಲ. ನರಸಪಯ್ಯನ ಹೆಂಡತಿಯ ತಮ್ಮ.

"ನಾನು ಹೇಳಿ ಬರೆಸಿದ್ದು ಇದೇ ಹೆಸರು" ಎಂದ ಅರಸ ಮೆಲ್ಲಗೆ.

ಕರಣಿಕ ಕಾಲಿಗೆ ಬಿದ್ದ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಬಾಗಿಲಿನಲ್ಲಿ ಮೂರನೆಯ ತಲೆಗೂ ಜಾಗವಿತ್ತು.

"ದುರುಗನನ್ನು ಕರೆತನ್ನಿ" ಎಂದು ಅರಸ ಕೂಗಿದ. ಮಾಳವ್ವ ಮಸಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂತಳು. ಅಣ್ಣನ ಮುಖ ಮುಟ್ಟುವಾಗ ಮಸಿ ಹತ್ತಬಾರದಲ್ಲ.

ಸೆರೆಮನೆಯ ಕಾವಲುಗಾರ ಒಬ್ಬನೇ ಬಂದ. "ಮಹಾಸ್ವಾಮಿ, ಅವನು ಹೋದ ಮಳೆಗಾಲದಲ್ಲೇ ತೀರಿಕೊಂಡ."

"ಅದನ್ನು ಕಡತದಲ್ಲಿ ಯಾಕೆ ಬರೆಸಲಿಲ್ಲ?" ಎಂದ ಅರಸ.

"ಯಾರೂ ಅವನ ಹೆಸರು ಹಿಡಿದು ಕೇಳಲಿಲ್ಲ, ಸ್ವಾಮಿ."

ಮಾಳವ್ವ ಒರೆಸಿಕೊಂಡ ಕೈಯನ್ನು ನೋಡಿಕೊಂಡಳು. ಏಳು ವರ್ಷದಲ್ಲಿ ಎಷ್ಟು ಸಲ ಅವಳೂ ಈ ಬಾಗಿಲಿಗೆ ಬಂದು, ಎಲ್ಲರ ಜೊತೆ ನಿಂತು, "ಎಲ್ಲಾ ತೋರಿಸಿ" ಎಂದು ಕೂಗಿದ್ದಳೋ!

ಅರಸ ಒಗಟಿನ ಅಪ್ಪಣೆಯನ್ನು ತೆಗೆದುಹಾಕಿ, ಅವಳಿಗೆ ಬಹುಮಾನವೆಂದು ಕಡತದ ಮನೆಯ ಬೀಗದ ಕೈ ಕೊಟ್ಟ, ಓದಿ ಹೇಳಲು ಇಬ್ಬರು ಬರವಣಿಗೆಯವರನ್ನೂ ಕೊಟ್ಟ. ಅವಳು ಮೊದಲು ಮಾಡಿದ ಕೆಲಸ ಮೂರೂ ತಲೆಗಳನ್ನು ಇಳಿಸಿ ಮಣ್ಣು ಮಾಡಿಸಿದ್ದು. ಎರಡನೆಯದು, ಅಣ್ಣನ ಸಾವನ್ನು ಬರೆಸಿದ್ದು.

ಮರುದಿನ ಬೆಳಗ್ಗೆ ಒಬ್ಬ ಮುದುಕಿ ನಡುಗುತ್ತಾ ಬಂದು, "ಎಲ್ಲಾ ಕಡತ ತೋರಿಸವ್ವಾ" ಎಂದಳು.

ಮಾಳವ್ವ ಅವಳ ಕೈ ಹಿಡಿದು ಕೂರಿಸಿದಳು. "ಎಲ್ಲ ಬೇಡ ಕಣಜ್ಜಿ. ನಿನ್ನೋರು ಯಾರು ಹೋಗವ್ರೆ, ಹೆಸರು ಹೇಳು. ಅವತ್ತು ಯಾವ ಹಬ್ಬ ಹತ್ತಿರ ಇತ್ತು? ಬೇಗ ಹೇಳಜ್ಜಿ, ಅವರು ಇನ್ನೂ ಬದುಕಿರಬಹುದು."